ನಾವ್ಯಾರೂ ಕೆಟ್ಟವರಲ್ಲ, ಆದ್ರೂ ಆಕೆ ಯಾಕೆ ಬಿಟ್ಟು ಹೋದರು?

ಓದುಗರ ಪ್ರಶ್ನೆ: ನಾನು 14 ಜನರ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಅದರಲ್ಲಿ ಇಬ್ಬರು ಅಲ್ಪಸಂಖ್ಯಾತ ಸಮುದಾಯದವರು. ನಾನೂ ಸೇರಿ ಉಳಿದವರೆಲ್ಲ ಬಹುಸಂಖ್ಯಾತರು. ಆ ಇಬ್ಬರಲ್ಲಿ ಒಬ್ಬಾಕೆ ಕಳೆದ ತಿಂಗಳು ಕೆಲಸ ಬಿಟ್ಟರು. ಕಾರಣ ಕೇಳಿದಾಗ, "ಯಾರೂ ನನಗೆ ಕೆಟ್ಟದ್ದು ಮಾಡಿಲ್ಲ ಮೇಡಂ, ಆದ್ರೆ ಎರಡು ವರ್ಷವೂ ಇಲ್ಲಿ ನೆಂಟರ ಮನೇಲಿ ಇದ್ದ ಹಾಗಿತ್ತು" ಅಂದರು. ಆಮೇಲೆ ಒಂದೊಂದೇ ನೆನಪಾಯಿತು. ಏನಾದರೂ ಸುದ್ದಿ ಬಂದಾಗ ನಮ್ಮವರು "ನಿಮ್ಮವರು ಯಾಕೆ ಹೀಗೆ?" ಅಂತ ಆಕೆಯನ್ನು ಕೇಳುತ್ತಿದ್ದರು. ಒಳ್ಳೆ ಕೆಲಸ ಮಾಡಿದರೆ "ನಿಮ್ಮವರಲ್ಲಿ ನೀವೊಬ್ಬರು ಬೇರೆ ಬಿಡಿ" ಅನ್ನುತ್ತಿದ್ದರು. ಗ್ರಾಹಕರಿಗೆ ಇಷ್ಟ ಆಗಲ್ಲವೇನೋ ಅಂತ ಆಕೆಯನ್ನು ಹೊರಗಿನ ಭೇಟಿಗಳಿಗೆ ನಾನೇ ಕಳಿಸುತ್ತಿರಲಿಲ್ಲ. ಬಡ್ತಿಗೆ ಆಕೆಯ ಹೆಸರು ಬಂದಾಗ ಹಿರಿಯರೊಬ್ಬರು "ಈಗೀಗ ಎಲ್ಲಾ ಅವರಿಗೇ" ಅಂತ ಗೊಣಗಿದ್ದರು. ಆದರೆ ದ್ವೇಷ ಅಂತ ಯಾರಲ್ಲೂ ಇಲ್ಲ. ನನ್ನ ತಂದೆ "ಬೆಂಕಿ ಇಲ್ಲದೆ ಹೊಗೆಯಾಡಲ್ಲ, ಅಲ್ಲದೆ ನಮ್ಮವರು ಅನ್ನೋದು ಮನುಷ್ಯನ ಸ್ವಭಾವ" ಅನ್ನುತ್ತಾರೆ. ಗೆಳತಿ ಪ್ರಕಾರ ಇದು ತಿಳಿವಳಿಕೆಯ ಕೊರತೆ, ತರಬೇತಿ ಕೊಡಿಸಿದರೆ ಸರಿಹೋಗುತ್ತದೆ. "ಅವರಿಗೂ ನಮ್ಮ ಮೇಲೆ ಪೂರ್ವಗ್ರಹ ಇಲ್ವಾ?" ಅಂತ ಇನ್ನೊಬ್ಬರು. ತಪ್ಪು ನಮ್ಮಲ್ಲಿದೆಯಾ, ಇಲ್ಲ ಆಕೆ ಸುಮ್ನೆ ಮನಸ್ಸಿಗೆ ಹಚ್ಚಿಕೊಂಡರಾ? ಇನ್ನೊಬ್ಬರು ತಂಡದಲ್ಲಿ ಇನ್ನೂ ಇದ್ದಾರೆ. ನಾನೀಗ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಎಲ್ಲದರ ಅಡಿಯಲ್ಲಿರುವುದು ಒಂದೇ: "ನಾವು ಪೂರ್ವಗ್ರಹ ಇರುವ ಜನರಾ?" ಸಲಹೆಗೆ ಬರುವ ಮುಖ್ಯಸ್ಥರಲ್ಲಿ ಹೆಚ್ಚಿನವರು ಇದನ್ನೇ ಕೇಳುತ್ತಾರೆ. ಕೇಳುವುದು ಸಹಜ. ಆದರೆ ಅದಕ್ಕೆ ಉತ್ತರ ಹುಡುಕುತ್ತಾ ಕೂತರೆ ಉಳಿದಿರುವ ಆ ಇನ್ನೊಬ್ಬರೂ ಹೊರಟು ಹೋಗುತ್ತಾರೆ. ಯಾರ ಮನಸ್ಸಿನಲ್ಲಿ ಏನಿದೆ ಅಂತ ಆಮೇಲೆ ನೋಡೋಣ. ಕೆಲಸ ಹೇಗೆ ಹಂಚಿಕೆಯಾಗುತ್ತಿದೆ, ಯಾವ ಮಾತು ಯಾರ ಎದುರಿಗೆ ನಡೆದುಹೋಗುತ್ತಿದೆ, ಮೊದಲು ಅದನ್ನು ನೋಡಬೇಕು.

ಸಮಾಜಶಾಸ್ತ್ರದಲ್ಲಿ ಪೂರ್ವಗ್ರಹವನ್ನೂ ತಾರತಮ್ಯವನ್ನೂ ಬೇರೆ ಬೇರೆ ಇಟ್ಟು ನೋಡುತ್ತೇವೆ. ಒಂದು ಗುಂಪಿನ ಬಗ್ಗೆ ಮೊದಲೇ ತೀರ್ಮಾನ ಮಾಡಿಕೊಂಡಿರುವುದು ಪೂರ್ವಗ್ರಹ. ಆ ಗುಂಪಿನವರಿಗೆ ಸಿಗಬೇಕಾದ್ದು ಸಿಗದ ಹಾಗೆ ನಡೆದುಕೊಳ್ಳುವುದು ತಾರತಮ್ಯ. ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗೇನೂ ಇಲ್ಲ.

ರಿಚರ್ಡ್ ಲಾಪಿಯರ್ ಅನ್ನುವ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಒಂದು ಯುವ ಚೀನೀ ದಂಪತಿಯ ಜೊತೆ ಅಮೆರಿಕವನ್ನೆಲ್ಲ ಸುತ್ತಿದ. ಆಗ ಅಲ್ಲಿ ಚೀನೀಯರ ಬಗ್ಗೆ ತಿರಸ್ಕಾರ ಜೋರಾಗಿಯೇ ಇತ್ತು. ಮೂವರೂ ಹೋಟೆಲ್, ವಸತಿಗೃಹ ಸೇರಿ 251 ಕಡೆ ಒಳಗೆ ಹೋದರು. ಆಗಲ್ಲ ಅಂದಿದ್ದು ಒಂದೇ ಕಡೆ. ಸುಮಾರು ಆರು ತಿಂಗಳಾದ ಮೇಲೆ ಅದೇ ಜಾಗಗಳಿಗೆ ಲಾಪಿಯರ್ ಕಾಗದ ಬರೆದ: "ಚೀನೀಯರು ಬಂದರೆ ಒಳಗೆ ಬಿಡುತ್ತೀರಾ?" 128 ಉತ್ತರ ಬಂದವು. ನೂರಕ್ಕೆ 90ಕ್ಕಿಂತ ಜಾಸ್ತಿ ಜನ "ಇಲ್ಲ" ಅಂದಿದ್ದರು. ಎದುರಿಗೆ ನಗುತ್ತಾ ನಿಂತ ದಂಪತಿಯನ್ನು ವಾಪಸ್ ಕಳಿಸಲು ಆಗಲಿಲ್ಲ. ಕಾಗದದ ಮೇಲೆ ಅದೇ ಕೆಲಸ ಸಲೀಸಾಯಿತು.

ಇದನ್ನು ನಿಮಗೆ ಹೇಳಲು ಕಾರಣ ಇದೆ. "ಗ್ರಾಹಕರಿಗೆ ಇಷ್ಟ ಆಗಲ್ಲವೇನೋ" ಅಂತ ನೀವು ಅಂದುಕೊಂಡಿರಿ. ಯಾವ ಗ್ರಾಹಕ? ಯಾರಾದರೂ ಬಾಯಿ ಬಿಟ್ಟು ಹೇಳಿದ್ದರಾ? ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಬೇರೆಯವರ ಪೂರ್ವಗ್ರಹವನ್ನು ನೀವೇ ಊಹಿಸಿಕೊಂಡು, ಅವರ ಪರವಾಗಿ ನೀವೇ ಬಾಗಿಲು ಹಾಕಿಬಿಟ್ಟಿರಿ. ಆಕೆಗೆ ಎರಡು ವರ್ಷ ಗ್ರಾಹಕರ ಪರಿಚಯವೇ ಆಗಲಿಲ್ಲ. ಬಡ್ತಿಯ ಹೊತ್ತಿಗೆ ಆ ಅನುಭವವನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ, ಅಲ್ವಾ? ದ್ವೇಷ ಯಾರಲ್ಲೂ ಇರಲಿಲ್ಲ ಅನ್ನುವುದನ್ನು ನಾನು ಒಪ್ಪುತ್ತೇನೆ. ತಾರತಮ್ಯ ಆಯಿತು ಅನ್ನುವುದನ್ನು ನೀವು ಒಪ್ಪಬೇಕಾಗುತ್ತದೆ.

ರಾಬರ್ಟ್ ಮರ್ಟನ್ 1949ರಲ್ಲಿ ಇದಕ್ಕೊಂದು ಸರಳ ವಿಂಗಡಣೆ ಕೊಟ್ಟ. ಪೂರ್ವಗ್ರಹ ಇದೆಯೋ ಇಲ್ಲವೋ, ತಾರತಮ್ಯ ಮಾಡುತ್ತಾರೋ ಇಲ್ಲವೋ, ಎರಡನ್ನೂ ಸೇರಿಸಿದರೆ ನಾಲ್ಕು ಥರದ ಜನ ಸಿಗುತ್ತಾರೆ. ಮನಸ್ಸೂ ಚೆನ್ನಾಗಿದ್ದು ನಡತೆಯೂ ಚೆನ್ನಾಗಿರುವವರು. ಎರಡೂ ಕೆಟ್ಟಿರುವವರು. ಒಳಗೆ ಅಸಹನೆ ಇದ್ದರೂ ಕಾನೂನಿಗೋ ನಾಲ್ಕು ಜನರಿಗೋ ಹೆದರಿ ಸರಿಯಾಗಿ ನಡೆದುಕೊಳ್ಳುವವರು. ಕೊನೆಯ ಗುಂಪು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡದು: ತಮಗೆ ಪೂರ್ವಗ್ರಹ ಇಲ್ಲ, ಆದರೆ ಸುತ್ತಲಿನವರು ಏನಂದಾರೋ ಅಂತ ತಾರತಮ್ಯಕ್ಕೆ ಕೈಜೋಡಿಸುವವರು, ಇಲ್ಲವೇ ನೋಡಿಯೂ ಸುಮ್ಮನಿರುವವರು. ಬೇಜಾರು ಮಾಡಿಕೊಳ್ಳಬೇಡಿ, ನೀವಿರುವುದು ಇಲ್ಲಿ. ಒಳ್ಳೆಯ ಸುದ್ದಿ ಅಂದರೆ ಈ ಗುಂಪನ್ನು ಬದಲಿಸುವುದು ಉಳಿದವರಿಗಿಂತ ಸುಲಭ. ಇವರ ಮನಸ್ಸನ್ನು ತಿದ್ದಬೇಕಾಗಿಲ್ಲ. ಸರಿಯಾದ್ದನ್ನು ಮಾಡಲು ಒಂದು ನಿಯಮದ ಆಸರೆ ಕೊಟ್ಟರೆ ಸಾಕು.

ಇದು ಬರೀ ಸಮಾಧಾನದ ಮಾತಲ್ಲ. 1952ರಲ್ಲಿ ರಾಲ್ಫ್ ಮಿನಾರ್ಡ್ ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದ. ಗಣಿಯೊಳಗೆ ಬಿಳಿಯರೂ ಕರಿಯರೂ ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತಿದ್ದರು. ಮೇಲೆ ಬಂದ ಕೂಡಲೇ ಇವರ ಬೀದಿ ಬೇರೆ, ಅವರ ಬೀದಿ ಬೇರೆ. ಬಿಳಿ ಗಣಿಗಾರರಲ್ಲಿ ಸುಮಾರು ನೂರಕ್ಕೆ 20 ಜನ ಒಳಗೂ ಹೊರಗೂ ಸ್ನೇಹದಿಂದಲೇ ಇದ್ದರು. ಇನ್ನು 20 ಜನ ಎರಡೂ ಕಡೆ ಮುಖ ತಿರುಗಿಸುತ್ತಿದ್ದರು. ಉಳಿದ 60 ಜನರ ನಡತೆ ಸುರಂಗದ ಬಾಯಲ್ಲಿ ಬದಲಾಗುತ್ತಿತ್ತು. ಅದೇ ಮನುಷ್ಯ, ಅದೇ ದಿನ. ಬದಲಾದದ್ದು ಆ ಜಾಗದ ರೀತಿ ನೀತಿ ಮಾತ್ರ. ನಿಮ್ಮ ತಂಡದಲ್ಲೂ ಈ ನಡುವಿನವರೇ ಜಾಸ್ತಿ ಇರುತ್ತಾರೆ. ಅವರು ಯಾವ ಕಡೆ ವಾಲುತ್ತಾರೆ ಅನ್ನುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ.

ಈಗ "ನೆಂಟರ ಮನೆ" ಅನ್ನುವ ಮಾತಿಗೆ ಬರೋಣ. ಆಕೆ ಸುಮ್ನೆ ಹಚ್ಚಿಕೊಂಡದ್ದಲ್ಲ. ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲಿ ಒಂದು ದೊಡ್ಡ ಕಂಪನಿಯನ್ನು ಒಳಗಿಂದ ನೋಡಿ, ಒಂದು ಗುಂಪಿನವರು ನೂರಕ್ಕೆ 15ರ ಒಳಗಿದ್ದರೆ ಏನಾಗುತ್ತದೆ ಅಂತ ವಿವರಿಸಿದಳು. ಕ್ಯಾಂಟರ್ ನೋಡಿದ್ದು ಗಂಡಸರ ನಡುವೆ ಕೆಲಸ ಮಾಡುವ ಬೆರಳೆಣಿಕೆಯ ಹೆಂಗಸರನ್ನು. ಅವರ ಒಂದು ಸಣ್ಣ ತಪ್ಪೂ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಅವರು ಬಂದು ಕೂತರೆ ಉಳಿದವರಿಗೆ ತಾವೆಲ್ಲ ಒಂದು ಅನ್ನುವುದು ಇದ್ದಕ್ಕಿದ್ದಂತೆ ನೆನಪಾಗುತ್ತಿತ್ತು, ತಮ್ಮ ಜೋಕು, ತಮ್ಮ ಹಳೇ ಕತೆಗಳು ಇನ್ನಷ್ಟು ಜೋರಾಗುತ್ತಿದ್ದವು. ಮೂರನೆಯದಾಗಿ, ಅವರನ್ನು ಒಬ್ಬ ವ್ಯಕ್ತಿಯಾಗಿ ನೋಡದೆ ಇಡೀ ಗುಂಪಿನ ಪ್ರತಿನಿಧಿಯಾಗಿ ನೋಡುತ್ತಿದ್ದರು. 14ರಲ್ಲಿ ಇಬ್ಬರು ಅಂದರೆ ನಿಮ್ಮ ತಂಡ ಕ್ಯಾಂಟರ್ ಹೇಳಿದ ಆ ಗೆರೆಯ ಕೆಳಗೇ ಬರುತ್ತದೆ. ಈಗ ಒಬ್ಬರೇ ಉಳಿದಿದ್ದಾರೆ.

ಹಾಗಂತ ಸಂಖ್ಯೆಯೊಂದರಿಂದಲೇ ಎಲ್ಲ ಆಗುವುದಿಲ್ಲ. ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ಇದನ್ನು ತಿರುಗಿಸಿ ನೋಡಿದಳು: ನರ್ಸಿಂಗ್, ಪ್ರಾಥಮಿಕ ಶಾಲೆಯಂಥ ಕಡೆ ಹೆಂಗಸರ ನಡುವೆ ಇರುವ ಕೆಲವೇ ಗಂಡಸರನ್ನು. ಒಳಗಡೆ ಅವರಿಗೆ ಬಡ್ತಿ ಬೇಗ ಬೇಗ ಸಿಗುತ್ತಿತ್ತು. ಸಂಖ್ಯೆಯಲ್ಲಿ ಅವರೂ ಕಡಿಮೆಯೇ. ಹೊರಗಿನ ಸಮಾಜದಲ್ಲಿ ಅವರಿಗಿದ್ದ ಸ್ಥಾನ ಅವರ ಜೊತೆಗೇ ಒಳಗೆ ಬಂದಿತ್ತು.

ಅಲ್ಪಸಂಖ್ಯಾತರು ಅನ್ನುವುದನ್ನು ನಾವು ತಲೆ ಎಣಿಸಿ ಹೇಳದಿರುವುದು ಇದಕ್ಕೇ. ಲೂಯಿಸ್ ವರ್ತ್ 1945ರಲ್ಲಿ ಕೊಟ್ಟ ವಿವರಣೆ ಈಗಲೂ ಬಳಕೆಯಲ್ಲಿದೆ: ಯಾವುದೋ ಒಂದು ಗುರುತಿನ ಕಾರಣಕ್ಕೆ ಬೇರೆಯವರಿಗಿಂತ ಕೀಳಾಗಿ ನಡೆಸಿಕೊಳ್ಳಲ್ಪಟ್ಟ, ತಮ್ಮನ್ನು ಹಾಗೆ ನಡೆಸಿಕೊಳ್ಳುತ್ತಿದ್ದಾರೆ ಅನ್ನುವ ಅರಿವಿರುವ ಗುಂಪು. ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ ಕರಿಯರು ಜನಸಂಖ್ಯೆಯಲ್ಲಿ ಬಹಳ ಜಾಸ್ತಿ ಇದ್ದರು. ಆದರೂ ಮತ, ಭೂಮಿ, ವಾಸದ ಜಾಗ ಎಲ್ಲದರಲ್ಲೂ ಅವರ ಪಾಡು ಅಲ್ಪಸಂಖ್ಯಾತರದ್ದೇ.

"ಅವರಿಗೂ ಪೂರ್ವಗ್ರಹ ಇಲ್ವಾ?" ಅನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಇರುತ್ತದೆ. ಪೂರ್ವಗ್ರಹ ಯಾವ ಗುಂಪಿನ ಸ್ವತ್ತೂ ಅಲ್ಲ. ಆದರೆ ಬಿಟ್ಟು ಹೋದ ಆಕೆಗೆ ನಿಮ್ಮ ಬಗ್ಗೆ ಏನೇ ಅಸಮಾಧಾನ ಇದ್ದಿದ್ದರೂ ಅದರಿಂದ ನಿಮ್ಮ ಬಡ್ತಿ ನಿಲ್ಲುತ್ತಿರಲಿಲ್ಲ. ಆಕೆಯ ಬಗ್ಗೆ ನಿಮಗಿದ್ದ ಒಂದು ಊಹೆ ಆಕೆಯ ಎರಡು ವರ್ಷದ ಕೆಲಸದ ಸ್ವರೂಪವನ್ನೇ ನಿರ್ಧರಿಸಿತು. ಲೆಕ್ಕ ಸರಿಸಮ ಮಾಡುವ ಈ ವಾದವನ್ನು ನಾನು ತುಂಬಾ ಕೇಳಿದ್ದೇನೆ. ಅದು ಯಾವತ್ತೂ ಬರುವುದು ಏನಾದರೂ ಬದಲಿಸಬೇಕಾಗಿ ಬಂದಾಗಲೇ.

ನಿಮ್ಮ ತಂದೆಯವರ ಮಾತಿನಲ್ಲಿ ಎರಡು ಭಾಗ ಇದೆ. ಬೆಂಕಿ ಇಲ್ಲದೆ ಹೊಗೆಯಾಡಲ್ಲ ಅನ್ನುವುದನ್ನು ಮೊದಲು ನೋಡೋಣ. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಒಂದು ಪ್ರಯೋಗ ಮಾಡಿದರು. 'ಎ' ಮತ್ತು 'ಬಿ' ಅಂತ ಎರಡು ಗುಂಪು. ಗುಂಪುಗಳಿಗೆ ಹೆಸರೂ ಇಲ್ಲ, ಜಾತಿ, ಧರ್ಮ, ಬಣ್ಣ ಯಾವುದೂ ಇಲ್ಲ. ಎ ಗುಂಪಿನವರು ಮಾಡಿದ 18 ಒಳ್ಳೆ ಕೆಲಸ, 8 ಕೆಟ್ಟ ಕೆಲಸಗಳನ್ನು ಒಂದೊಂದು ಸಾಲಿನಲ್ಲಿ ಓದಿಸಿದರು. ಬಿ ಗುಂಪಿನವರದ್ದು 9 ಒಳ್ಳೆಯವು, 4 ಕೆಟ್ಟವು. ಲೆಕ್ಕ ಹಾಕಿ ನೋಡಿ, ಪ್ರಮಾಣ ಎರಡರಲ್ಲೂ ಒಂದೇ. ಆದರೆ ಆಮೇಲೆ ಕೇಳಿದಾಗ ಓದಿದವರು ಬಿ ಗುಂಪಿನ ಮೇಲೆ ಅದರ ಪಾಲಿಗಿಂತ ಹೆಚ್ಚು ಕೆಟ್ಟ ಕೆಲಸ ಹೊರಿಸಿದರು. ಕಡಿಮೆ ಕಾಣಸಿಗುವ ಗುಂಪು, ಕಡಿಮೆ ನಡೆಯುವ ಕೆಟ್ಟ ಕೆಲಸ, ಎರಡೂ ಒಟ್ಟಿಗೆ ಬಂದರೆ ತಲೆಯಲ್ಲಿ ಅಚ್ಚೊತ್ತಿ ಕೂರುತ್ತದೆ. ಬಹುಸಂಖ್ಯಾತರಲ್ಲಿ ಒಬ್ಬ ಮೋಸ ಮಾಡಿದರೆ ಅವನೊಬ್ಬ ಮೋಸಗಾರ. ಅಲ್ಪಸಂಖ್ಯಾತ ಮಾಡಿದರೆ "ನಿಮ್ಮವರು ಯಾಕೆ ಹೀಗೆ?"

ಇನ್ನೂ ವಿಚಿತ್ರವಾದದ್ದೊಂದಿದೆ. 1946ರಲ್ಲಿ ಯೂಜೀನ್ ಹಾರ್ಟ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಬೇರೆ ಬೇರೆ ಜನಾಂಗಗಳ ಪಟ್ಟಿ ಕೊಟ್ಟು, ಇವರನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೀರಿ ಅಂತ ಕೇಳಿದ. ಪಟ್ಟಿಯಲ್ಲಿ ಡ್ಯಾನಿರಿಯನ್, ಪಿರೇನಿಯನ್, ವಾಲೋನಿಯನ್ ಅಂತ ಮೂರು ಹೆಸರೂ ಇದ್ದವು. ಮೂರೂ ಅವನೇ ಕಟ್ಟಿದ ಹೆಸರು, ಅಂಥ ಜನಾಂಗಗಳನ್ನು ಯಾರೂ ಕಂಡಿರಲಿಲ್ಲ. ಆದರೂ ನಿಜವಾದ ಗುಂಪುಗಳನ್ನು ದೂರ ಇಡುವವರು ಇವರನ್ನೂ ದೂರವೇ ಇಟ್ಟರು! ಇಲ್ಲಿ ಬೆಂಕಿ ಎಲ್ಲಿತ್ತು ಅಂತ ನಿಮ್ಮ ತಂದೆಯವರನ್ನು ಒಮ್ಮೆ ಕೇಳಿ ನೋಡಿ.

ಸ್ವಭಾವದ ಮಾತಿನಲ್ಲಿ ಮಾತ್ರ ಅರ್ಧ ಸತ್ಯ ಇದೆ. ಹೆನ್ರಿ ಟಾಜ್ಫೆಲ್ 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಾಲಾ ಹುಡುಗರಿಗೆ ಪರದೆಯ ಮೇಲೆ ಒಂದಷ್ಟು ಚುಕ್ಕಿ ತೋರಿಸಿ ಎಷ್ಟಿವೆ ಅಂತ ಊಹಿಸಲು ಹೇಳಿದರು. ಜಾಸ್ತಿ ಅಂದವರು ಒಂದು ಗುಂಪು, ಕಡಿಮೆ ಅಂದವರು ಇನ್ನೊಂದು ಅಂತ ಹುಡುಗರಿಗೆ ತಿಳಿಸಿದರು. ನಿಜಕ್ಕೂ ವಿಂಗಡಿಸಿದ್ದು ಹೇಗೆ ಬೇಕೋ ಹಾಗೆ, ಊಹೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಯಾರ ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಗೊತ್ತಿಲ್ಲ. ಆದರೂ ದುಡ್ಡು ಹಂಚಲು ಕೊಟ್ಟಾಗ ಹುಡುಗರು ತಮ್ಮ ಗುಂಪಿನವರಿಗೆ ಜಾಸ್ತಿ ಕೊಟ್ಟರು. "ನಾವು, ಅವರು" ಅನ್ನುವುದು ಅಷ್ಟು ಬೇಗ ಹುಟ್ಟುತ್ತದೆ, ನಿಜ. ಆದರೆ ಚುಕ್ಕಿ ಎಣಿಕೆಯ ಮೇಲೂ ಗುಂಪು ಕಟ್ಟಬಹುದು ಅಂದಮೇಲೆ ಯಾವ ಗೆರೆ ಮುಖ್ಯ ಅನ್ನುವುದನ್ನು ಸ್ವಭಾವ ಹೇಳಿಕೊಡುವುದಿಲ್ಲ. ಅದನ್ನು ಸುತ್ತಲಿನವರು ಹೇಳಿಕೊಡುತ್ತಾರೆ.

ಆ ಹಿರಿಯರ ಗೊಣಗಾಟವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತಗೊಳ್ಳುತ್ತೇನೆ. ಎರಡು ವರ್ಷ ಅವರು ಏನೂ ಹೇಳಿರಲಿಲ್ಲ, ಬಡ್ತಿಗೆ ಹೆಸರು ಬಂದಾಗ ಹೇಳಿದರು. ಹರ್ಬರ್ಟ್ ಬ್ಲೂಮರ್ 1958ರಲ್ಲಿ ಹೇಳಿದ್ದು ಇದನ್ನೇ. ಪೂರ್ವಗ್ರಹದ ಬೇರು ಒಬ್ಬೊಬ್ಬರ ಮನಸ್ಸಿನ ಕಹಿಯಲ್ಲಿ ಇರುವುದಕ್ಕಿಂತ "ನಮ್ಮ ಗುಂಪಿನ ಜಾಗ ಇದು, ಅವರದ್ದು ಅದು" ಅನ್ನುವ ಲೆಕ್ಕದಲ್ಲಿದೆ. ಕೆಲವು ಹುದ್ದೆ, ಕೆಲವು ಗೌರವ ತಮಗೆ ಸಲ್ಲಬೇಕಾದ್ದು ಅಂತ ಮೇಲಿನ ಗುಂಪು ಅಂದುಕೊಂಡಿರುತ್ತದೆ. ಕೆಳಗಿನವರು ತಮ್ಮ ಜಾಗದಲ್ಲೇ ಇರುವ ತನಕ ಎಲ್ಲರೂ ಸೌಮ್ಯ. ಒಬ್ಬರು ಮೇಲೆ ಬಂದ ಕೂಡಲೇ ಕಿತ್ತುಕೊಂಡರು ಅನ್ನಿಸುತ್ತದೆ. ತಿಳಿವಳಿಕೆಯ ಕೊರತೆ ಅನ್ನುವ ನಿಮ್ಮ ಗೆಳತಿಯ ಮಾತು ಪೂರ್ತಿ ಸರಿಯಲ್ಲ ಅನ್ನುವುದು ಇದರಿಂದಲೇ. ಆ ಹಿರಿಯರಿಗೆ ಆ ಸಮುದಾಯದ ಬಗ್ಗೆ ಮಾಹಿತಿ ಕಡಿಮೆ ಆಗಿರಲಿಲ್ಲ.

"ನೀವೊಬ್ಬರು ಬೇರೆ ಬಿಡಿ" ಅನ್ನುವುದೂ ಹೊಗಳಿಕೆಯಲ್ಲ. ಗೋರ್ಡನ್ ಆಲ್‌ಪೋರ್ಟ್ 1954ರಲ್ಲೇ ಗುರುತಿಸಿದ ಚಾಳಿ ಇದು. ತೀರ್ಮಾನಕ್ಕೆ ಒಪ್ಪದ ವ್ಯಕ್ತಿ ಎದುರಾದರೆ, ಅವರನ್ನೊಬ್ಬರನ್ನು ಬೇಲಿಯ ಹೊರಗೆ ಬಿಟ್ಟು ಬೇಲಿ ಮತ್ತೆ ಮುಚ್ಚಿಬಿಡುತ್ತೇವೆ. ಆಕೆ ಎಷ್ಟೇ ಚೆನ್ನಾಗಿ ದುಡಿದರೂ ಆಕೆಯ ಸಮುದಾಯದ ಬಗ್ಗೆ ತಂಡದ ಅಭಿಪ್ರಾಯ ಒಂದಿಷ್ಟೂ ಬದಲಾಗದಿದ್ದದ್ದು ಹೀಗೆ. ಕೇಳಿದವರಿಗೆ ಅದರಲ್ಲಿ ಕೇಳಿಸುವುದು "ನಿಮ್ಮ ಮನೆಯವರೆಲ್ಲ ಕೆಟ್ಟವರು" ಅಂತ.

ಇನ್ನು ಏನು ಮಾಡಬಹುದು ಅನ್ನುವುದು. ಸುಮ್ಮನಿದ್ದು ಕಾಲವೇ ಸರಿಮಾಡಲಿ ಅನ್ನುವುದು ಒಂದು ದಾರಿ. ಬೇಡ.

ತರಬೇತಿ? ಕೊಡಿಸಿ, ಆದರೆ ಅದೊಂದನ್ನೇ ನಂಬಬೇಡಿ. ಅಲೆಕ್ಸಾಂಡ್ರಾ ಕಾಲೆವ್, ಫ್ರಾಂಕ್ ಡಾಬಿನ್ ಮತ್ತು ಎರಿನ್ ಕೆಲ್ಲಿ 2006ರಲ್ಲಿ ಅಮೆರಿಕದ 708 ಖಾಸಗಿ ಸಂಸ್ಥೆಗಳ ಮೂರು ದಶಕದ ದಾಖಲೆ ನೋಡಿದರು. ವ್ಯವಸ್ಥಾಪಕ ಹುದ್ದೆಗಳಿಗೆ ಹೆಂಗಸರು, ಕರಿಯರು ಬರುವಂತೆ ಮಾಡುವುದರಲ್ಲಿ ತರಬೇತಿಯ ಪರಿಣಾಮ ತೀರಾ ಕಡಿಮೆ ಇತ್ತು. ಇದು ನಿಮ್ಮ ಜವಾಬ್ದಾರಿ, ಆಗದಿದ್ದರೆ ನಿಮ್ಮನ್ನೇ ಕೇಳುತ್ತೇವೆ ಅಂತ ಒಬ್ಬರಿಗೋ ಒಂದು ಸಮಿತಿಗೋ ವಹಿಸಿದ ಕಡೆ ಹೆಚ್ಚು ಬದಲಾವಣೆ ಆಗಿತ್ತು. ತರಬೇತಿಯ ಅಪಾಯ ಇನ್ನೊಂದಿದೆ. ಉಳಿದಿರುವ ಆ ಒಬ್ಬರು ಅಲ್ಲೇ ಕೂತಿರುತ್ತಾರೆ. ಪ್ರತಿ ಉದಾಹರಣೆಗೂ ಎಲ್ಲರ ಕಣ್ಣು ಅವರ ಕಡೆ ತಿರುಗುತ್ತದೆ. ಅಂಥ ಅರ್ಧ ದಿನವನ್ನು ಯಾರಿಗೂ ಕೊಡಬಾರದು.

ಎಲ್ಲರನ್ನೂ ಒಟ್ಟಿಗೆ ಎಲ್ಲಾದರೂ ಸುತ್ತಾಡಿಸಿಕೊಂಡು ಬಂದರೆ? ಬೆರೆತರೆ ಪೂರ್ವಗ್ರಹ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಳ್ಳೆ ಆಧಾರ ಇದೆ. ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಹುಪಾಲಿನಲ್ಲಿ ಇದೇ ಕಂಡಿತು. ಆದರೆ ಆ ಪರಿಣಾಮ ಅಲ್ಪಸಂಖ್ಯಾತರ ಮೇಲೆ ಕಡಿಮೆ. ಅವರು ಮೊದಲೇ ದಿನವಿಡೀ ಬೆರೆತೇ ಇರುತ್ತಾರೆ. ಆಲ್‌ಪೋರ್ಟ್ ಹೇಳಿದ ಷರತ್ತುಗಳೂ ನೆನಪಿರಲಿ: ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ, ಒಬ್ಬರಿಗೊಬ್ಬರು ಬೇಕೇ ಬೇಕಾಗುವ ಕೆಲಸ, ಮೇಲಿನವರ ಸ್ಪಷ್ಟ ಬೆಂಬಲ. ಇವಿಲ್ಲದೆ ಒಟ್ಟಿಗೆ ಕೂರಿಸಿದರೆ ಹಳೇ ಅಭಿಪ್ರಾಯವೇ ಗಟ್ಟಿಯಾಗುವುದೂ ಉಂಟು. ಎಲಿಯಟ್ ಆರನ್ಸನ್ 1971ರಲ್ಲಿ ಆಸ್ಟಿನ್ ನಗರದ ಶಾಲೆಗಳಲ್ಲಿ ಇದನ್ನು ಜಾಣತನದಿಂದ ಅಳವಡಿಸಿದ. ಪಾಠವನ್ನು ತುಂಡು ಮಾಡಿ ಪ್ರತಿ ಮಗುವಿಗೆ ಒಂದೊಂದು ತುಂಡು ಕೊಟ್ಟ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳದೆ ಪಾಠ ಪೂರ್ತಿಯಾಗುತ್ತಿರಲಿಲ್ಲ. ಸುತ್ತಾಟದ ಬದಲು ನಿಮ್ಮ ಮುಂದಿನ ಕೆಲಸವನ್ನು ಹೀಗೆ ಹಂಚಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಕೆಲಸದ ಹಂಚಿಕೆಯನ್ನು ಬರಹಕ್ಕೆ ಇಳಿಸುತ್ತಿದ್ದೆ. ಹೊರಗಿನ ಭೇಟಿ ಸರದಿಯ ಪ್ರಕಾರ. ಬಡ್ತಿಗೆ ಏನೇನು ನೋಡುತ್ತೇವೆ ಅನ್ನುವುದನ್ನು ಹೆಸರುಗಳು ಬರುವ ಮುಂಚೆಯೇ ತೀರ್ಮಾನಿಸಿ ಎಲ್ಲರಿಗೂ ತಿಳಿಸುವುದು. ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಇಷ್ಟು ದಿನ ಬಾಯಿಮಾತಿನಲ್ಲಿ ನಡೆಯುತ್ತಿದ್ದದ್ದು ನಿಯಮವಾದರೆ ಕೆಲವರಿಗೆ ನಷ್ಟ ಆಗುತ್ತದೆ, ಅವರು ಗೊಣಗುತ್ತಾರೆ. ಮೊದಲ ಕೆಲವು ತಿಂಗಳು ತಂಡದಲ್ಲಿ ಬಿಗುವು ಇರುತ್ತದೆ. ಇದು ಆ ಒಬ್ಬರಿಗಾಗಿ ಮಾಡಿದ ನಿಯಮ ಅಂತ ಯಾರಿಗೂ ಅನ್ನಿಸದ ಹಾಗೆ, ಎಲ್ಲರಿಗೂ ಒಂದೇ ಅಂತ ನಡೆಸಿ. ಬಿಗುವಿಗೆ ಹೆದರಿ ಅರ್ಧದಲ್ಲಿ ಕೈಬಿಟ್ಟರೆ ಮಾತ್ರ ಮೊದಲಿಗಿಂತ ಕೆಡುತ್ತದೆ.

ಹಿರಿಯರ ಜೊತೆ ಒಬ್ಬರೇ ಇದ್ದಾಗ ಮಾತಾಡಿ. ನೀವು ಪೂರ್ವಗ್ರಹಪೀಡಿತರು ಅಂತ ಶುರು ಮಾಡಿದರೆ ಅವರು ತಮ್ಮ ಒಳ್ಳೆಯತನ ಸಾಬೀತು ಮಾಡಲು ಹೊರಡುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. "ನೀವು ಅವತ್ತು ಹೀಗಂದಿರಿ. ಆಕೆಯ ಯಾವ ಕೆಲಸ ನೋಡಿ ಹಾಗಂದಿರಿ ಸರ್?" ಅಂತ ಕೇಳಿ. ಬಹುಪಾಲು ಉತ್ತರ ಇರುವುದಿಲ್ಲ. ಅವರ ಬಡ್ತಿಯೇ ತಡವಾಗಿದ್ದರೆ ಅದನ್ನೂ ಕೇಳಿಸಿಕೊಳ್ಳಿ. ಅದು ನಿಜವಾದ ದೂರು ಆಗಿರಬಹುದು, ತಪ್ಪು ವಿಳಾಸಕ್ಕೆ ಹೋಗಿದೆ ಅಷ್ಟೇ. "ನಿಮ್ಮವರು ಯಾಕೆ ಹೀಗೆ" ಅನ್ನುವ ಪ್ರಶ್ನೆ ಮತ್ತೆ ಬಂದರೆ ನೀವೇ ನಡುವೆ ಬಾಯಿ ಹಾಕಿ, "ಅದಕ್ಕೆ ಅವರು ಯಾಕೆ ಉತ್ತರ ಕೊಡಬೇಕು?" ಅಂದುಬಿಡಿ. ಆ ಒಬ್ಬರು ಉತ್ತರಿಸುವ ಮುಂಚೆ ನೀವು ಮಾತಾಡಿರಬೇಕು.

ಅವರನ್ನು ಕರೆದು "ನಿಮಗೂ ಹಾಗೇ ಅನ್ನಿಸುತ್ತಾ?" ಅಂತ ಮಾತ್ರ ಕೇಳಬೇಡಿ. ಹೌದು ಅಂದರೆ ದೂರು ಹೇಳಿದವರಾಗುತ್ತಾರೆ, ಇಲ್ಲ ಅಂದರೆ ನಿಮ್ಮನ್ನು ಸಮಾಧಾನ ಮಾಡಿದಂತಾಗುತ್ತದೆ. ಎರಡೂ ಅವರಿಗೇ ಹೊರೆ. ತಂಡದ ಎಲ್ಲರ ಜೊತೆಯೂ ಒಬ್ಬೊಬ್ಬರಾಗಿ ಕೂತು, ಯಾವ ಕೆಲಸ ಬೇಕು, ಯಾವುದು ಸಿಗುತ್ತಿಲ್ಲ ಅಂತ ಕೇಳಿ. ಅವರೂ ಅದರಲ್ಲಿ ಒಬ್ಬರು. ಹೇಳಬೇಕು ಅನ್ನಿಸಿದರೆ ಹೇಳುತ್ತಾರೆ. ಮುಂದಿನ ಭೇಟಿಗೆ ಸರದಿಯಂತೆ ಅವರ ಹೆಸರು ಬಂದರೆ ಕಳಿಸಿ. ಗ್ರಾಹಕರಿಗೆ ಮೊದಲೇ ಫೋನ್ ಮಾಡಿ ಇಂಥವರು ಬರುತ್ತಿದ್ದಾರೆ, ಪರವಾಗಿಲ್ವಾ ಅಂತ ಕೇಳಲು ಹೋಗಬೇಡಿ.